ಆಗ್ನೇಯ ಮೂಲೆ ಸರಿ, ಮಿಕ್ಸಿಗೆ ಪ್ಲಗ್ ಎಲ್ಲಿ?

ಮನೆ ಕಟ್ಟಿಸುವವರು ಅಡುಗೆಮನೆ ಆಗ್ನೇಯಕ್ಕೇ ಬರಬೇಕೆಂದು ಪಟ್ಟು ಹಿಡಿಯುತ್ತಾರೆ. ಒಲೆ ಮುಂದೆ ನಿಂತವರ ಮುಖ ಪೂರ್ವಕ್ಕಿರಬೇಕು ಎನ್ನುತ್ತಾರೆ. ಕಟ್ಟೆಗೆ ಹಾಸುವ ಗ್ರಾನೈಟ್ ಕಪ್ಪೋ ಕಂದೋ ಎಂದು ನಿರ್ಧರಿಸಲು ಮೂರು ಭಾನುವಾರ ಅಂಗಡಿ ಸುತ್ತುತ್ತಾರೆ. ಇದರಲ್ಲಿ ನನಗೇನೂ ತಕರಾರಿಲ್ಲ. ಅವರವರ ಮನೆ, ಅವರವರ ನಂಬಿಕೆ. ಆದರೆ ಮಿಕ್ಸಿ ಎಲ್ಲಿ ಕೂರುತ್ತದೆ, ಅದರ ವೈರ್ ಎಷ್ಟುದ್ದ, ಆ ವೈರ್ ಒಲೆಯ ಮೇಲೆ ಹಾದುಹೋಗುತ್ತದೋ ಸಿಂಕಿನ ಮೇಲೋ ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಅಡುಗೆಮನೆಗೆ ಎರಡು ಪಾಯಿಂಟ್ ಸಾಕು ಬಿಡಿ.’

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿರುವವಳು. ನಮ್ಮ ಸೋದರಮಾವ ವೈರಿಂಗ್ ಕಂಟ್ರಾಕ್ಟರ್. ರಜೆಯಲ್ಲಿ ಅವರ ಜೊತೆ ಸೈಟಿಗೆ ಹೋಗಿ ಗೋಡೆ ಮೇಲೆ ಚಾಕ್‌ಪೀಸಿನಿಂದ ಬೋರ್ಡ್‌ಗಳ ಗುರುತು ಹಾಕುವುದು ನನ್ನ ಕೆಲಸ. ಹೀಗಾಗಿ ನಾಲ್ಕಾರು ಬಡಾವಣೆಗಳ ಅಡುಗೆಮನೆಗಳನ್ನು ಗಾರೆ ಬೀಳುವ ಮೊದಲೂ ನೋಡಿದ್ದೇನೆ, ಗೃಹಪ್ರವೇಶವಾಗಿ ವರ್ಷ ಕಳೆದ ಮೇಲೂ ನೋಡಿದ್ದೇನೆ. ವರ್ಷ ಕಳೆದ ಮೇಲೆ ನೋಡುವುದೇ ಹೆಚ್ಚು ಪಾಠ ಕಲಿಸುತ್ತದೆ. ಬಾಗಿಲ ಪಕ್ಕದ ಏಕೈಕ ಬೋರ್ಡಿನಿಂದ ಹೊರಟ ಬಿಳಿ ಎಕ್ಸ್‌ಟೆನ್ಷನ್ ವೈರ್ ಸಿಂಕಿನ ನಲ್ಲಿಗೆ ಒಂದು ಸುತ್ತು ಹಾಕಿಕೊಂಡು ಕಟ್ಟೆಯ ಆ ತುದಿಗೆ ತಲುಪಿರುತ್ತದೆ. ಫ್ರಿಜ್ಜಿಗೆ ಪಾಯಿಂಟ್ ಇಲ್ಲದೆ ಅದು ಹಾಲ್‌ನಲ್ಲಿ ಟಿ.ವಿ. ಪಕ್ಕ ನಿಂತಿರುತ್ತದೆ. ಚಟ್ನಿ ರುಬ್ಬಲು ಮಿಕ್ಸಿ ಹೊತ್ತುಕೊಂಡು ಊಟದ ಮೇಜಿಗೆ ಹೋಗುವ ಅಮ್ಮಂದಿರನ್ನು ನೀವೂ ನೋಡಿರುತ್ತೀರಿ. ನಿಮ್ಮ ಮನೆಯಲ್ಲೇ ಇರಬಹುದು.

ಇದಕ್ಕೆಲ್ಲ ನಿಯಮವೇ ಇಲ್ಲವೇ ಎಂದರೆ, ಇದೆ. 1985ರಲ್ಲಿ ಮೊದಲು ಪ್ರಕಟವಾಗಿ, ಆಮೇಲೆ ಭಾರತೀಯ ಮಾನಕ ಬ್ಯೂರೊ 2011ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಇದೆ. ಮನೆ ವೈರಿಂಗ್‌ಗೆ ಐಎಸ್ 732 ಇದೆ. ಅಡುಗೆಮನೆಯ ಗಾತ್ರ ನೋಡಿಕೊಂಡು ಹಾಟ್ ಪ್ಲೇಟ್ ಮೊದಲಾದವಕ್ಕೆ ಒಂದು ಅಥವಾ ಎರಡು ದೊಡ್ಡ ಪವರ್ ಪಾಯಿಂಟ್, ಅಂದರೆ ಮೂರು ಪಿನ್ನಿನ 15 ಅಥವಾ 16 ಆಂಪಿಯರ್ ಸಾಕೆಟ್ ಕೊಡಬೇಕು ಎನ್ನುತ್ತವೆ ನಮ್ಮ ಮಾನಕಗಳು. ಒಂದು ಪವರ್ ಸರ್ಕ್ಯೂಟಿಗೆ ಅಂಥ ಎರಡಕ್ಕಿಂತ ಹೆಚ್ಚು ಸಾಕೆಟ್ ಜೋಡಿಸಬಾರದು. ಸರ್ಕಾರಿ ಕ್ವಾರ್ಟರ್ಸ್ ಕಟ್ಟುವ ಕೇಂದ್ರ ಲೋಕೋಪಯೋಗಿ ಇಲಾಖೆಯ ಕೈಪಿಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜಾಗವನ್ನೂ ಹೇಳುತ್ತದೆ: ಅಡುಗೆ ಕಟ್ಟೆಯಿಂದ 23 ಸೆಂ.ಮೀ. ಮೇಲೆ, ಒಲೆ ಮತ್ತು ಸಿಂಕ್ ಬರಬಹುದಾದ ಜಾಗದಿಂದ ದೂರ. ಈ ಒಂದು ಸಾಲನ್ನು ಪಾಲಿಸಿದ್ದರೂ ನಾನು ನೋಡಿದ ಅರ್ಧ ಅವಾಂತರ ಇರುತ್ತಿರಲಿಲ್ಲ. ಕಟ್ಟೆಯಿಂದ ಒಂದು ಗೇಣು ಮೇಲಿದ್ದರೆ ಕಟ್ಟೆ ತೊಳೆಯುವ ನೀರು ತಾಗುವುದಿಲ್ಲ, ವೈರ್ ಜೋತಾಡುವುದೂ ಇಲ್ಲ. ಒಲೆಯಿಂದ ದೂರವಿದ್ದರೆ ಒಗ್ಗರಣೆಯ ಜಿಡ್ಡು ಸಾಕೆಟ್ಟಿನ ತೂತಿಗೆ ಹೋಗುವುದಿಲ್ಲ, ಶಾಖಕ್ಕೆ ವೈರಿನ ಮೈ ಕರಗುವುದಿಲ್ಲ.

ಆದರೆ ‘ದೂರ’ ಅಂದರೆ ಎಷ್ಟು? ಅದನ್ನು ಅಲ್ಲಿ ಹೇಳಿಲ್ಲ. ಬ್ರಿಟನ್ನಿನ ಸುರಕ್ಷತಾ ಮಾರ್ಗದರ್ಶನ ಸಿಂಕಿನಿಂದ ಅಡ್ಡಕ್ಕೆ ಅಳೆದು ಕನಿಷ್ಠ 30 ಸೆಂ.ಮೀ. ಇರಲಿ ಎನ್ನುತ್ತದೆ. ಟೇಪ್ ಹಿಡಿದ ಮೇಸ್ತ್ರಿಗೆ ಬೇಕಾದದ್ದು ಇಂಥ ಅಂಕಿ. ‘ದೂರ ಇರಲಿ’ ಎಂಬ ಮಾತು ಸೈಟಿನಲ್ಲಿ ‘ಎಲ್ಲಿ ಪೈಪ್ ಉಳಿಯುತ್ತೋ ಅಲ್ಲಿ’ ಎಂದಾಗಿಬಿಡುತ್ತದೆ.

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಅಮೆರಿಕದ ಕೋಡ್. ಅಲ್ಲಿನವರು ಎಷ್ಟು ಪಾಯಿಂಟ್ ಎಂದು ಎಣಿಸುವುದಿಲ್ಲ, ಅಳೆಯುತ್ತಾರೆ. ಗೋಡೆಗೆ ಹೊಂದಿಕೊಂಡ ಕಟ್ಟೆಯ ಯಾವ ಬಿಂದುವಿನಲ್ಲಿ ನಿಂತು ಅಳೆದರೂ 24 ಇಂಚಿನೊಳಗೆ ಒಂದು ಸಾಕೆಟ್ ಸಿಗಬೇಕು. ಅಂದರೆ ಎರಡು ಸಾಕೆಟ್‌ಗಳ ನಡುವೆ ನಾಲ್ಕು ಅಡಿ ಮೀರುವಂತಿಲ್ಲ. 12 ಇಂಚು ಅಗಲದ ತುಂಡು ಕಟ್ಟೆಯಿದ್ದರೂ ಅದಕ್ಕೊಂದು ಸಾಕೆಟ್ ಬೇಕು. ಕಾರಣ ಸರಳ. ಅಡುಗೆಮನೆಯ ಸಣ್ಣ ಉಪಕರಣಗಳಿಗೆ ಅಲ್ಲಿ ಸುಮಾರು ಎರಡಡಿಯ ಗಿಡ್ಡ ವೈರ್ ಇರುತ್ತದೆ. ಸಾಕೆಟ್ ಎರಡಡಿಯೊಳಗೇ ಇದ್ದರೆ ಎಕ್ಸ್‌ಟೆನ್ಷನ್ ಬಾಕ್ಸ್ ತರುವ ಪ್ರಸಂಗವೇ ಬಾರದು, ವೈರ್ ಸಿಂಕನ್ನೋ ಒಲೆಯನ್ನೋ ದಾಟಬೇಕಿಲ್ಲ. ಈ ಸಾಕೆಟ್‌ಗಳಿಗೆಂದೇ ಕನಿಷ್ಠ ಎರಡು ಪ್ರತ್ಯೇಕ ಸರ್ಕ್ಯೂಟ್ ಇರಬೇಕು.

ಇನ್ನೊಂದು ಸಂಗತಿ. ಅಡುಗೆಮನೆಯ ನಡುವೆ ದ್ವೀಪದ ಹಾಗೆ ಕಟ್ಟೆ ಕಟ್ಟುತ್ತಾರಲ್ಲ, ಅದಕ್ಕೂ ಅಲ್ಲಿ ವರ್ಷಗಟ್ಟಲೆ ಸಾಕೆಟ್ ಕಡ್ಡಾಯವಿತ್ತು. ಜನ ಅದನ್ನು ಕಟ್ಟೆಯ ಕೆಳಗೆ ಪಕ್ಕಕ್ಕೆ ಕೂರಿಸುತ್ತಿದ್ದರು. ಜೋತಾಡುವ ವೈರನ್ನು ಪುಟ್ಟ ಮಕ್ಕಳು ಎಳೆದು, ಬಿಸಿ ಪಾತ್ರೆ ಮೈಮೇಲೆ ಬೀಳಿಸಿಕೊಂಡು ಸುಟ್ಟುಕೊಂಡ ಪ್ರಕರಣಗಳು ಬೆಳಕಿಗೆ ಬಂದ ಮೇಲೆ 2023ರ ಆವೃತ್ತಿಯಲ್ಲಿ ಆ ಕಡ್ಡಾಯವನ್ನು ತೆಗೆದರು. ಕಟ್ಟೆಯ ಮಟ್ಟಕ್ಕಿಂತ ಕೆಳಗೆ ಅದಕ್ಕಾಗಿ ಸಾಕೆಟ್ ಹಾಕುವುದನ್ನೇ ನಿಲ್ಲಿಸಿದರು. ನಮ್ಮಲ್ಲೂ ಈಗ ಮಾಡ್ಯುಲರ್ ಕಿಚನ್ ಹೆಸರಲ್ಲಿ ಅದೇ ದ್ವೀಪಗಳು ಬರುತ್ತಿವೆ, ಸಾಕೆಟ್ ಅದೇ ಕೆಳಪಕ್ಕಕ್ಕೆ. ಅವರು ಬಿಟ್ಟದ್ದನ್ನು ನಾವು ಹಿಡಿಯುತ್ತಿದ್ದೇವೆ.

ಅಮೆರಿಕದ ಕೋಡ್ ಕೂಡ ಮೂಲತಃ ಒಂದು ಸಂಸ್ಥೆ ಪ್ರಕಟಿಸುವ ಪುಸ್ತಕವೇ. ಅಲ್ಲಿನ ರಾಜ್ಯಗಳೋ ನಗರಗಳೋ ಅದನ್ನು ಒಪ್ಪಿ ಜಾರಿಗೆ ತಂದಾಗ ಕಾನೂನಾಗುತ್ತದೆ. ‘ನಮ್ಮ ಸಂಹಿತೆ ಬರೀ ಮಾರ್ಗಸೂಚಿ, ಏನು ಮಾಡೋಕಾಗುತ್ತೆ’ ಎನ್ನುವವರಿಗೆ ನನ್ನ ಉತ್ತರ ಇದು. ನಮ್ಮಲ್ಲೂ ನಗರಸಭೆಗಳು ಪ್ಲಾನ್ ಮಂಜೂರು ಮಾಡುವಾಗ ಎಷ್ಟಡಿ ಜಾಗ ಬಿಡಬೇಕೆಂದು ಅಳೆಯುತ್ತವೆ. ಅದೇ ಪ್ಲಾನಿನಲ್ಲಿ ಅಡುಗೆ ಕಟ್ಟೆ ಎಲ್ಲಿ, ಸಾಕೆಟ್ ಎಲ್ಲಿ ಎಂದು ತೋರಿಸುವ ಒಂದು ಹಾಳೆ ಸೇರಿಸಲು ಯಾರ ಗಂಟು ಹೋಗುತ್ತದೆ?

ಈಗ ಲೆಕ್ಕಕ್ಕೆ ಬರೋಣ, ಹೆದರಬೇಡಿ, ಭಾಗಾಕಾರ ಬಂದರೆ ಸಾಕು. ಉಪಕರಣದ ವ್ಯಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಅದು ಎಳೆಯುವ ಕರೆಂಟ್ ಸುಮಾರಾಗಿ ಸಿಗುತ್ತದೆ. 750 ವ್ಯಾಟಿನ ಮಿಕ್ಸಿಗೆ 3.3 ಆಂಪಿಯರ್. 1500 ವ್ಯಾಟಿನ ಕೆಟಲ್‌ಗೆ 6.5. 2000 ವ್ಯಾಟಿನ ಇಂಡಕ್ಷನ್ ಒಲೆಗೆ 8.7. ಮೂರೂ ಒಟ್ಟಿಗೆ ಓಡಿದರೆ 18 ದಾಟಿತು. ನಮ್ಮ ಸಣ್ಣ ಸಾಕೆಟ್ ತಡೆಯುವುದು 6 ಆಂಪಿಯರ್, ದೊಡ್ಡದು 16. ‘ಎರಡು ಪಾಯಿಂಟ್ ಸಾಕು’ ಎನ್ನುವ ಮಾತು ಮಿಕ್ಸಿ ಒಂದೇ ಇದ್ದ ಕಾಲದ್ದು. ಈಗ ಕೆಟಲ್, ಇಂಡಕ್ಷನ್, ಓವನ್, ವಾಟರ್ ಫಿಲ್ಟರ್, ಗ್ರೈಂಡರ್, ಚಿಮ್ನಿ ಎಲ್ಲ ಬಂದಿವೆ. ಒಂದೋ ಎರಡೋ ಪವರ್ ಪಾಯಿಂಟ್ ಎಂಬ ನಮ್ಮ ಮಾನಕದ ಮಾತೂ ಇವತ್ತಿನ ಕಟ್ಟೆಗೆ ಕಡಿಮೆಯೇ ಎಂಬುದು ನನ್ನ ಅಭಿಪ್ರಾಯ.

ಕೆಲಸ ಹುಡುಕುತ್ತ ಬೆಂಗಳೂರಿಗೆ ಹೋಗಿ ರೂಮು ಮಾಡಿಕೊಂಡಿರುವ ಗೆಳೆಯರೇ, ಈ ಲೆಕ್ಕ ಮೊದಲು ನಿಮಗೆ ಬೇಕು. ನನ್ನ ಗೆಳತಿಯರ ರೂಮೊಂದಕ್ಕೆ ಹೋಗಿದ್ದೆ. ಅಡುಗೆಮನೆ ಎಂದರೆ ಬಚ್ಚಲಿನ ಪಕ್ಕದ ಮೂರಡಿ ಕಟ್ಟೆ. ಗ್ಯಾಸ್ ಇಟ್ಟುಕೊಳ್ಳಲು ಓನರ್ ಬಿಡುವುದಿಲ್ಲ, ಆದ್ದರಿಂದ ಇಂಡಕ್ಷನ್. ಅದರ ದಪ್ಪ ಪಿನ್ನು ಹಿಡಿಯುವ ಸಾಕೆಟ್ ಕಟ್ಟೆಯ ಬಳಿ ಇಲ್ಲ. ಪರಿಹಾರ? ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಇಳಿಸುವ ಕನ್ವರ್ಟರ್ ಪ್ಲಗ್, ಅದಕ್ಕೆ ತೆಳು ವೈರಿನ ಜಂಕ್ಷನ್ ಬಾಕ್ಸ್, ಅದೇ ಬಾಕ್ಸಿಗೆ ಮೊಬೈಲ್ ಚಾರ್ಜರ್‌ಗಳು. 6 ಆಂಪಿಯರ್ ದಾರಿಯಲ್ಲಿ ಸುಮಾರು 9 ಆಂಪಿಯರ್ ಓಡುತ್ತಿತ್ತು. ಪ್ಲಗ್ ಮುಟ್ಟಿ ನೋಡಿದೆ, ಬಿಸಿ ದೋಸೆಯ ಹಾಗಿತ್ತು. ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣ ತಿರುಗಿತ್ತು. ‘ಎಂಸಿಬಿ ಇದೆಯಲ್ಲೇ, ಹೆಚ್ಚಾದ್ರೆ ಬೀಳುತ್ತೆ’ ಅಂದಳು ಒಬ್ಬಳು. ಎಂಸಿಬಿ 16 ಆಂಪಿಯರಿನದು. ಅದರ ಲೆಕ್ಕದಲ್ಲಿ 9 ಆಂಪಿಯರ್ ಹೆಚ್ಚೇ ಅಲ್ಲ. ಅದು ಬೀಳುವ ಮೊದಲೇ ಜಂಕ್ಷನ್ ಬಾಕ್ಸಿನ ವೈರ್ ಬೆಂದಿರುತ್ತದೆ.

ಎಂಸಿಬಿ ಬಗ್ಗೆ ನಮ್ಮ ಜನಕ್ಕಿರುವ ಭರವಸೆ ನೋಡಿದರೆ ಸಂಕಟವಾಗುತ್ತದೆ. ಅದು ಕಾಯುವುದು ಗೋಡೆಯೊಳಗಿನ ವೈರನ್ನು, ಮನುಷ್ಯನನ್ನಲ್ಲ. ಒದ್ದೆ ಕೈಯಲ್ಲಿ ಕೆಟ್ಟ ಮಿಕ್ಸಿ ಮುಟ್ಟಿದವರ ಮೈಯಲ್ಲಿ ಕೆಲವು ಹತ್ತು ಮಿಲಿಆಂಪಿಯರ್ ಹರಿದರೂ ಪ್ರಾಣಕ್ಕೆ ಅಪಾಯ. ಅಷ್ಟಕ್ಕೆ ಎಂಸಿಬಿ ಕದಲುವುದೂ ಇಲ್ಲ. ಅದಕ್ಕೆ ಬೇಕಾದದ್ದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ, ಅಂದರೆ ಎಂಸಿಬಿಯ 16 ಆಂಪಿಯರಿಗಿಂತ ಐನೂರು ಪಟ್ಟು ಕಡಿಮೆ ಸೋರಿಕೆಗೇ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿದುಹಾಕುತ್ತದೆ. ರೂಮು ನೋಡಲು ಹೋದಾಗ ವೈಫೈ ಇದೆಯೇ ಎಂದು ಕೇಳುವವರು ಮೀಟರ್ ಬೋರ್ಡ್ ಹತ್ತಿರ ‘ಟೆಸ್ಟ್’ ಎಂಬ ಪುಟ್ಟ ಗುಂಡಿಯಿರುವ ಸ್ವಿಚ್ ಇದೆಯೇ ಎಂದೂ ನೋಡಿ. ಓನರನ್ನು ಕೇಳಿಕೊಂಡು ಆ ಗುಂಡಿ ಒತ್ತಿ. ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಅಲಂಕಾರಕ್ಕಿದೆ ಎಂದರ್ಥ.

ಖರ್ಚಿನ ಮಾತು ಬಂದೇ ಬರುತ್ತದೆ. ಗೋಡೆ ಹಸಿಯಿದ್ದಾಗ ಒಂದು ಪವರ್ ಪಾಯಿಂಟ್ ಹೆಚ್ಚಿಗೆ ಹಾಕಿದರೆ ಬಾಕ್ಸ್, ಸಾಕೆಟ್, ಸ್ವಿಚ್, 2.5 ಚದರ ಮಿಲಿಮೀಟರಿನ ವೈರ್, ಕೂಲಿ ಎಲ್ಲ ಸೇರುತ್ತದೆ, ನಿಜ. ಆದರೆ ಟೈಲ್ಸ್ ಅಂಟಿಸಿದ ಮೇಲೆ ಅದೇ ಪಾಯಿಂಟ್ ಬೇಕೆಂದರೆ ಟೈಲ್ಸ್ ಒಡೆಯಬೇಕು, ಗೋಡೆ ಕೊರೆಯಬೇಕು, ಅದೇ ಬಣ್ಣದ ಟೈಲ್ಸ್ ಹುಡುಕಬೇಕು. ಯಾರೂ ಅದನ್ನು ಮಾಡುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ತರುತ್ತಾರೆ.

ಖರ್ಚಿಗಿಂತ ದೊಡ್ಡ ಅಡ್ಡಿ ಬೇರೆಯಿದೆ. ವೈರಿಂಗ್ ಗುರುತು ಹಾಕುವ ದಿನ ಸೈಟಿನಲ್ಲಿ ಇರುವವರು ಯಜಮಾನರು, ಮೇಸ್ತ್ರಿ, ನಮ್ಮ ಮಾವ. ಮೂವರೂ ದಿನಾ ಅಡುಗೆ ಮಾಡುವವರಲ್ಲ. ಒಮ್ಮೆ ನಾನೇ ಹಟ ಮಾಡಿ ಮನೆಯಾಕೆಯನ್ನು ಕರೆಸಿದೆ. ‘ಆಂಟಿ, ಮಿಕ್ಸಿ ಎಲ್ಲಿಡ್ತೀರಿ?’ ಅಂದೆ. ಅವರು ಬರೀ ಇಟ್ಟಿಗೆ ಗೋಡೆಯ ಮುಂದೆ ನಿಂತು ಗಾಳಿಯಲ್ಲೇ ಅಡುಗೆ ಮಾಡಿ ತೋರಿಸಿದರು: ‘ಇಲ್ಲಿ ತೊಳೀತೀನಿ, ಇಲ್ಲಿ ಹೆಚ್ಚುತೀನಿ, ಬಲಗೈಗೆ ಮಿಕ್ಸಿ. ಗ್ರೈಂಡರ್ ಮಾತ್ರ ಆ ಮೂಲೆಗೆ ಇರ್ಲಿ ಪುಟ್ಟಿ, ನೆಲದಿಂದ ಎತ್ತೋಕಾಗಲ್ಲ, ಸೊಂಟ ನೋವು.’ ಹತ್ತು ನಿಮಿಷದಲ್ಲಿ ಐದು ಸಾಕೆಟ್‌ಗಳ ಜಾಗ ತಾನಾಗಿಯೇ ಗೊತ್ತಾಯಿತು. ಮಾವ ಮರುಮಾತಾಡದೆ ಗುರುತು ಹಾಕಿದರು. ಆಮೇಲೆ ಬೇರೆ ಸೈಟುಗಳಲ್ಲೂ ‘ಮನೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ ಸ್ವಾಮಿ’ ಎನ್ನಲು ಶುರು ಮಾಡಿದ್ದಾರೆ. ಅದಕ್ಕೆ ಕೆಲವು ಯಜಮಾನರು ಮುಖ ಗಂಟಿಕ್ಕುವುದೂ ಉಂಟು.

ಕರ್ನಾಟಕದಲ್ಲಿ ಹೊಸ ಮನೆಗೆ ಕರೆಂಟ್ ಕೊಡುವ ಮೊದಲು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಲಸ ಮುಗಿದ ವರದಿ ಕೊಡಬೇಕು. ನನ್ನ ಬೇಡಿಕೆ ಚಿಕ್ಕದು. ಆ ವರದಿಯಲ್ಲಿ ಅಡುಗೆಮನೆಗೆಂದೇ ನಾಲ್ಕು ಸಾಲು ಸೇರಿಸಲಿ: ಕಟ್ಟೆಯ ಉದ್ದ ಎಷ್ಟು, ಸಾಕೆಟ್ ಎಷ್ಟು, ಸಿಂಕಿನಿಂದಲೂ ಒಲೆಯಿಂದಲೂ ಎಷ್ಟು ದೂರ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಇಲ್ಲವೇ. ಬಾಡಿಗೆಗೆ ಕಟ್ಟುವ ರೂಮುಗಳಿಗೂ ಇದು ಅನ್ವಯಿಸಲಿ. ಜೊತೆಗೆ ಈ ನಿಯಮಗಳ ಒಂದು ಪುಟದ ಕನ್ನಡ ಚಿತ್ರಪಟ ಬೇಕು. ನಾನು ಹುಡುಕಿದಲ್ಲೆಲ್ಲ ಸಿಕ್ಕಿದ್ದು ಇಂಗ್ಲಿಷಿನದು. ಗೋಡೆ ಕೊರೆಯುವ ಹುಡುಗರಿಗೆ ಅದು ತಲುಪುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿಗಳ ಗೋಡೆಯ ಮೇಲೆ ವೈರ್ ಕಂಪನಿಯ ಕ್ಯಾಲೆಂಡರ್ ಪಕ್ಕದಲ್ಲಿ ಅದಕ್ಕೆ ಜಾಗ ಧಾರಾಳವಾಗಿದೆ.

ಐಟಿಐ, ಡಿಪ್ಲೊಮಾ ಮುಗಿಸಿ ಕೂತಿರುವವರಿಗೆ ಇನ್ನೊಂದು ಮಾತು. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್‌ಗಳನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಕಂಪನಿಗಳಿಗೆ ಅರ್ಜಿ ಹಾಕುತ್ತ ಕಾಯುವ ನಡುವೆ ಅದಕ್ಕೂ ಅರ್ಜಿ ಹಾಕಿ. ಹಳೆಯ ಮನೆಗಳ ಅಡುಗೆಮನೆಗಳನ್ನು ಸರಿಪಡಿಸುವ ಕೆಲಸ ನಮ್ಮ ಊರೊಂದರಲ್ಲೇ ಮಾವನ ಕೈಗೆ ಮಿಕ್ಕುವಷ್ಟಿದೆ. ಲೆಕ್ಕ ಹಾಕಿ, ಅಳೆದು, ಮನೆಯಾಕೆಯನ್ನು ಕೇಳಿ ಗುರುತು ಹಾಕುವ ಜನ ಸಿಗುತ್ತಿಲ್ಲ ಎಂದು ಅವರು ಗೊಣಗುತ್ತಲೇ ಇರುತ್ತಾರೆ. ಹುಡುಗಿಯರೂ ಬನ್ನಿ. ಒಳಗೆ ಅಡುಗೆಮನೆಯವರೆಗೆ ಕರೆದೊಯ್ದು ‘ನೋಡಮ್ಮ, ಇಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ’ ಎಂದು ಹೇಳುವ ಹೆಂಗಸರು ನನಗೆ ಹೇಳುವಷ್ಟನ್ನು ಮಾವನಿಗೆ ಹೇಳುವುದಿಲ್ಲ.