ಮರಳಿ ಓದುವವಳಿಗೆ ಮುಂದಾಳತ್ವವೂ ಬೇಕು

ಮದುವೆ, ಮಕ್ಕಳು, ದುಡಿಮೆಯ ನಡುವೆ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಮತ್ತೆ ಪುಸ್ತಕ ಹಿಡಿಯಲು ನಮ್ಮಲ್ಲಿ ದಾರಿಗಳೇನೋ ಇವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲೇ ಆರಂಭವಾಯಿತು. 2023ರ ಜೂನ್‌ನಲ್ಲಿ ಬಂದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಸ್ ಖರ್ಚನ್ನೂ ಇಳಿಸಿತು. ಆದರೆ ನಮ್ಮ ಬೆಂಬಲ ಪ್ರವೇಶ, ಪಠ್ಯ, ಪರೀಕ್ಷೆಗಳಿಗೇ ಮುಗಿದುಹೋಗುತ್ತದೆ. ಮಕ್ಕಳ ವಯಸ್ಸಿನವರ ನಡುವೆ ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವವಳಿಗೆ ಶುಲ್ಕ ರಿಯಾಯಿತಿಯಷ್ಟೇ ಸಾಲದು; ಹೊಣೆಯೂ ದನಿಯೂ ಸಿಗಬೇಕು.

ಇದಕ್ಕೆ ಪಾಠ ನಮ್ಮ ಪಂಚಾಯಿತಿಗಳಲ್ಲೇ ಇದೆ. 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟಿದ್ದ ಮೀಸಲಾತಿ ಇಂದು ಶೇ 50. ಅಧಿಕಾರ ನಡೆಸುವವರು ಗಂಡಂದಿರೇ ಎಂಬ ಟೀಕೆ ಪೂರ್ತಿ ಸುಳ್ಳಲ್ಲ. ಆದರೆ ಕುರ್ಚಿ ಕೊಟ್ಟು ತರಬೇತಿ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಪದವಿಯ ಮಾತೂ ಅಷ್ಟೇ: ಸಭೆಯಲ್ಲಿ ಮಾತನಾಡುವ, ಲೆಕ್ಕ ಕೇಳುವ, ಭಿನ್ನಾಭಿಪ್ರಾಯ ನಿಭಾಯಿಸುವ ಅಭ್ಯಾಸವಿಲ್ಲದಿದ್ದರೆ ಪ್ರಮಾಣಪತ್ರ ಗೋಡೆಯ ಅಲಂಕಾರವಾದೀತು.

ಓದಲಿಕ್ಕೇ ಸಮಯವಿಲ್ಲದವಳಿಗೆ ಈ ಮುಂದಾಳತ್ವದ ತರಬೇತಿ ಹೆಚ್ಚಿನ ಹೊರೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಜೆಯ ಶಿಬಿರಗಳನ್ನು ಹೇರಿದರೆ ಖಂಡಿತ ಹೊರೆ. ಬದಲಿಗೆ ತರಗತಿಯ ಅವಧಿಯಲ್ಲೇ ಅಧ್ಯಯನ ಗುಂಪಿನ ಸಂಚಾಲಕತ್ವ, ಕಾಲೇಜು ಸಮಿತಿಗಳಲ್ಲಿ ಸ್ಥಾನ ಕೊಟ್ಟು, ಅದಕ್ಕೆ ಅಂಕಗಳನ್ನೂ ಸೇರಿಸಬಹುದು. ಸ್ವಸಹಾಯ ಸಂಘದ ಸಾಲ, ಉಳಿತಾಯ ನಡೆಸಿದವಳು ನಾಯಕತ್ವದ ಅಕ್ಷರಾಭ್ಯಾಸ ಮಾಡಬೇಕಿಲ್ಲ. ಅವಳಿಗೆ ಗೊತ್ತಿರುವುದನ್ನು ಕಾಲೇಜು ವಿದ್ಯೆಯೆಂದು ಒಪ್ಪಿಕೊಂಡರೆ ಸಾಕು.