ಅರ್ಜಿದಾರರ ಕಡೆಗೂ ಒಂದು ಪರದೆ

ಆಧಾರ್ ನೋಂದಣಿ ಕೇಂದ್ರದ ಮೇಜಿನ ಮೇಲೆ ಎರಡು ಪರದೆಗಳಿರಬೇಕು ಎಂಬುದು ನಿಯಮ. ಒಂದು ಆಪರೇಟರ್ ಕಡೆಗೆ, ಇನ್ನೊಂದು ಹೆಸರು ಬರೆಸಲು ಬಂದವರ ಕಡೆಗೆ. ವಿಶಿಷ್ಟ ಗುರುತಿನ ಪ್ರಾಧಿಕಾರ ಕೇಂದ್ರಗಳಿಗೆ ಕೊಟ್ಟಿರುವ ಸಲಕರಣೆಗಳ ಪಟ್ಟಿಯಲ್ಲೇ ಈ ಎರಡನೇ ಮಾನಿಟರ್ ಇದೆ. ಹೆಸರು, ಊರು, ಹುಟ್ಟಿದ ದಿನ ಹೇಗೆ ಟೈಪಾಗುತ್ತಿದೆ ಎಂದು ಬಂದವರು ಅಲ್ಲೇ ನೋಡಬೇಕು, ತಪ್ಪಿದ್ದರೆ ಅಲ್ಲೇ ತಡೆಯಬೇಕು. ಅದೇ ವ್ಯಕ್ತಿ ಮರುದಿನ ಜಾತಿ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೋ, ಗೃಹಲಕ್ಷ್ಮಿ ಅರ್ಜಿಗೆಂದು ಗ್ರಾಮ ಒನ್ ಕೇಂದ್ರಕ್ಕೋ ಹೋದರೆ ಸಾಮಾನ್ಯವಾಗಿ ಕಾಣುವುದು ಒಂದೇ ಮಾನಿಟರಿನ ಬೆನ್ನು. ಆಚೆ ಏನು ಬರೆಯಲಾಗುತ್ತಿದೆ ಎಂಬುದು ಅಚ್ಚಾದ ಕಾಗದ ಕೈಗೆ ಬಂದ ಮೇಲೆಯೇ ತಿಳಿಯುತ್ತದೆ.

ಈ ವ್ಯವಸ್ಥೆ ಬದಲಾಗಬೇಕು. ಜನರ ದಾಖಲೆ ಬರೆಯುವ ಪ್ರತಿಯೊಂದು ಕೌಂಟರಿನಲ್ಲೂ ಅರ್ಜಿದಾರರ ಕಡೆಗೆ ಮುಖ ಮಾಡಿದ ಎರಡನೇ ಪರದೆ ಕಡ್ಡಾಯವಾಗಬೇಕು. ಹೊಸ ಕಂಪ್ಯೂಟರ್ ಕೊಳ್ಳದೆ, ಇರುವ ಕಂಪ್ಯೂಟರಿಗೇ ಇನ್ನೊಂದು ಮಾನಿಟರ್ ಜೋಡಿಸುವ ಯುಎಸ್‌ಬಿ ಅಡಾಪ್ಟರ್‌ಗಳು ಈಗ ಜಿಲ್ಲಾ ಕೇಂದ್ರದ ಅಂಗಡಿಗಳಲ್ಲೂ ಸಿಗುತ್ತವೆ. ಸಾಧನದ ಕೊರತೆ ಇಲ್ಲಿ ನೆಪವಾಗಲಾರದು.

ಈ ವಿಷಯದಲ್ಲಿ ಎರಡು ದಶಕಗಳ ಹಿಂದೆಯೇ ದೇಶಕ್ಕೆ ದಾರಿ ತೋರಿದ್ದು ಕರ್ನಾಟಕ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಕಿಯೋಸ್ಕ್‌ಗಳಲ್ಲಿ ರೈತನ ಕಡೆಗೊಂದು ಮಾನಿಟರ್ ಇತ್ತು. 15 ರೂಪಾಯಿ ಕೊಟ್ಟು ಪಹಣಿ ಕೇಳಿದವನು ತನ್ನ ಸರ್ವೆ ನಂಬರ್ ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡುತ್ತಿದ್ದ. ಅದಕ್ಕೂ ಮುಂಚೆ ಈ ದಫ್ತರಗಳೆಲ್ಲ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಅದರಲ್ಲಿ ಏನಿದೆ ಎಂದು ನೋಡುವ ಭಾಗ್ಯ ಹೊಲದ ಒಡೆಯನಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ವಿಶ್ವಬ್ಯಾಂಕ್ ‘ಭೂಮಿ’ಯ ಅಧ್ಯಯನ ಮಾಡಿದಾಗ ಬೆರಳಚ್ಚಿನ ಲಾಗಿನ್ ಮತ್ತು ಸರದಿ ತಪ್ಪಿಸಲಾಗದ ವ್ಯವಸ್ಥೆಯ ಜೊತೆಗೆ ಈ ಎರಡನೇ ಪರದೆಯನ್ನೂ ಗುರುತಿಸಿತ್ತು. ಆಮೇಲೆ ಸೇವಾ ಕೇಂದ್ರಗಳು ಹೋಬಳಿಗೆ ಬಂದವು, ಪಂಚಾಯಿತಿಗೆ ಬಂದವು. ಪರದೆ ಮಾತ್ರ ಅವುಗಳ ಜೊತೆ ಬರಲಿಲ್ಲ.

ಬಾರದೆ ಹೋದದ್ದರ ಪೆಟ್ಟು ಎಲ್ಲಿ ಹೆಚ್ಚು ಎಂದು ತಿಳಿಯಬೇಕಾದರೆ ಕುಂಚಾವರಂ ಕಡೆ ನೋಡಬೇಕು. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಕಾಡಂಚಿನ ಈ ಊರಿಗೆ ತೆಲಂಗಾಣ ಪಕ್ಕದಲ್ಲೇ ಇದೆ. ಸುತ್ತ ಲಂಬಾಣಿ ತಾಂಡಾಗಳು. ಕೆಲವರ ಮನೆಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ಲಂಬಾಣಿ ಮಾತು, ಸಂತೆಯಲ್ಲಿ ದಖನಿ ಬೆರೆತ ಕನ್ನಡ, ಕಚೇರಿಯ ಅರ್ಜಿಯಲ್ಲಿ ಶಿಷ್ಟ ಕನ್ನಡ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್. ಚವಾಣ, ಚವ್ಹಾಣ, ಚೌಹಾಣ ಎಂದು ಒಂದೇ ಮನೆತನ ಮೂರು ಬಗೆಯಲ್ಲಿ ದಾಖಲಾಗುತ್ತದೆ. ನರಸಿಮ್ಲು ಇನ್ನೊಂದು ಕಾಗದದಲ್ಲಿ ನರಸಿಂಹುಲು ಆಗುತ್ತಾನೆ. ಮಹ್ಮದ್ ಎಂದು ಹೇಳಿದವನ ಹೆಸರು ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಬರೀ ಎಂ.ಡಿ. ಆಪರೇಟರ್ ಬೇಕೆಂದೇ ತಪ್ಪು ಬರೆಯುವುದಿಲ್ಲ. ಹೆಸರು ಕಿವಿಯಿಂದ ಬೆರಳಿಗೆ ಹೋಗುವ ದಾರಿಯಲ್ಲಿ ಕೆಡುತ್ತದೆ. ಹೆಸರಿನ ಒಡೆಯನಿಗೆ ಅದು ಕಾಣುತ್ತಿದ್ದರೆ ಆ ಗಳಿಗೆಯಲ್ಲೇ ‘ಹಂಗಲ್ರೀ, ಹಿಂಗ ಬರೀರಿ’ ಎನ್ನುತ್ತಾನೆ.

ಕಾಣದಿದ್ದಾಗ ಏನಾಗುತ್ತದೆ? ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಒಂದು, ಬ್ಯಾಂಕಿನಲ್ಲಿ ಮತ್ತೊಂದು ಹೆಸರಿದ್ದರೆ ಸಹಾಯಧನ ಖಾತೆಗೆ ಬೀಳುವುದಿಲ್ಲ, ಬೆಳೆ ವಿಮೆ ತಡೆಯಾಗುತ್ತದೆ, ವಿದ್ಯಾರ್ಥಿವೇತನ ನಿಲ್ಲುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಪಹಣಿಯ ತಪ್ಪಿಗೆ ತಹಶೀಲ್ದಾರ್ ಕಚೇರಿಗೆ ಹೋಗಬೇಕು, ಎಂದರೆ ಕುಂಚಾವರಂನಿಂದ ಚಿಂಚೋಳಿಗೆ. ಮ್ಯುಟೇಶನ್ ಆದೇಶದ ಮೇಲೆ ಮೇಲ್ಮನವಿ ಹಾಕಬೇಕಾದರೆ ಉಪವಿಭಾಗಾಧಿಕಾರಿ ಕಚೇರಿ, ಎಂದರೆ ಸೇಡಂ. ಹೋದ ದಿನ ಸಾಹೇಬರು ಇಲ್ಲದಿದ್ದರೆ ಮತ್ತೊಮ್ಮೆ ಬಸ್ಸು, ಮತ್ತೊಂದು ದಿನದ ಕೂಲಿ ಖೋತಾ. ಒಂದು ಒತ್ತಕ್ಷರಕ್ಕೆ ಬಡವರು ತೆರುತ್ತಿರುವ ಬೆಲೆ ಇದು.

ತಾಂಡಾಗಳ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತುರ್ತು ಇದೆ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸುವ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಈ ಐದು ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. ಫಲಾನುಭವಿಗಳಲ್ಲಿ ಬಹಳಷ್ಟು ಮಂದಿ ಲಂಬಾಣಿಗರು. ತಲೆಮಾರುಗಳ ಕಾಲ ಮನೆಗೆ ಕಾಗದವೇ ಇಲ್ಲದೆ ಬದುಕಿದವರ ಕೈಗೆ ಮೊದಲ ಬಾರಿ ಕಾಗದ ಬರುತ್ತಿದೆ. ಮುಂದಿನ ಸಾಲ, ಪಾಲು, ವಾರಸಾ ಎಲ್ಲವೂ ಅದರ ಮೇಲೆಯೇ ನಿಲ್ಲುತ್ತವೆ. ಅದರ ಮೊದಲ ಸಾಲಿನಲ್ಲೇ ಹೆಸರು ತಪ್ಪಿದರೆ ಮಕ್ಕಳ ಕಾಲಕ್ಕೂ ಅದು ತಗಾದೆಯಾಗಿ ಉಳಿಯುತ್ತದೆ.

ಇನ್ನು ಸಾಧನದ ವಿಷಯ. ಮಾನಿಟರಿಗೆ ಚಿತ್ರ ಹೋಗುವುದು ಸಾಮಾನ್ಯವಾಗಿ ಕಂಪ್ಯೂಟರಿನ ಗ್ರಾಫಿಕ್ಸ್ ವಿಭಾಗದಿಂದ, ವಿಜಿಎ ಅಥವಾ ಎಚ್‌ಡಿಎಂಐ ಕೇಬಲ್ ಮೂಲಕ. ಪೆನ್‌ಡ್ರೈವ್ ಚುಚ್ಚುವ ಯುಎಸ್‌ಬಿ ಕಿಂಡಿ ಇದಕ್ಕಾಗಿ ಹುಟ್ಟಿದ್ದಲ್ಲ. ಫುಲ್ ಎಚ್‌ಡಿ ಪರದೆಯೊಂದಕ್ಕೆ ಸೆಕೆಂಡಿಗೆ 60 ಸಲ ಪೂರ್ತಿ ಚಿತ್ರ ಕಳಿಸಬೇಕಾದರೆ ಸುಮಾರು 3 ಗಿಗಾಬಿಟ್ ಮಾಹಿತಿ ಹರಿಯಬೇಕು. ಹಳೆಯ ಯುಎಸ್‌ಬಿ 2.0 ಕಿಂಡಿಯ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 2003ರಲ್ಲಿ ನ್ಯೂನ್‌ಹ್ಯಾಮ್ ರಿಸರ್ಚ್ ಹೆಸರಿನಲ್ಲಿ ಶುರುವಾಗಿ ಮುಂದೆ ಡಿಸ್‌ಪ್ಲೇಲಿಂಕ್ ಆದ ಕಂಪನಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಪರದೆಯಲ್ಲಿ ಬದಲಾದ ಭಾಗವನ್ನಷ್ಟೇ ಕಂಪ್ಯೂಟರಿನ ತಂತ್ರಾಂಶ ಹಿಂಡಿ ಚಿಕ್ಕದು ಮಾಡಿ ಯುಎಸ್‌ಬಿ ಮೂಲಕ ಕಳಿಸುತ್ತದೆ. ಅಡಾಪ್ಟರ್ ಒಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಕಂಪನಿಯನ್ನು 2020ರಲ್ಲಿ ಸಿನಾಪ್ಟಿಕ್ಸ್ ಕೊಂಡುಕೊಂಡಿತು. ಅದೇ ವರ್ಷ ಬಂದ ಆ್ಯಪಲ್‌ನ ಎಂ1 ಮ್ಯಾಕ್‌ಬುಕ್‌ಗಳಿಗೆ ಒಂದೇ ಹೊರಗಿನ ಮಾನಿಟರ್ ಜೋಡಿಸಬಹುದಿತ್ತು. ಎರಡನೆಯದು ಬೇಕಾದವರು ಈ ಅಡಾಪ್ಟರ್‌ಗಳನ್ನೇ ಹುಡುಕಿಕೊಂಡು ಹೋದರು.

ಈ ಉಪಾಯಕ್ಕೆ ಮಿತಿಗಳಿವೆ. ಚಿತ್ರ ಹಿಂಡುವ ಕೆಲಸ ಪ್ರೊಸೆಸರ್ ಮೇಲೆ ಬೀಳುವುದರಿಂದ ಹಳೆಯ ಕಂಪ್ಯೂಟರಿನಲ್ಲಿ ಆಟವಾಗಲಿ ವೇಗದ ವಿಡಿಯೊ ಆಗಲಿ ತಡವರಿಸುತ್ತದೆ. ಅರ್ಜಿ ನಮೂನೆಗೆ ಆ ತೊಂದರೆ ಇಲ್ಲ. ಒಂದು ಅಕ್ಷರ ಟೈಪಿಸಿದರೆ ಪರದೆಯಲ್ಲಿ ಬದಲಾಗುವುದು ಒಂದು ಮೂಲೆ ಮಾತ್ರ. ಪಹಣಿ, ಜಾತಿ-ಆದಾಯ ಪತ್ರ, ಪಿಂಚಣಿ ಅರ್ಜಿಯಂಥ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ.

ಖರೀದಿಗೆ ಮುಂಚೆ ಮಾತ್ರ ಪಂಚಾಯಿತಿಯವರು ಕಂಪ್ಯೂಟರಿನ ಹಿಂಬದಿ ನೋಡಲೇಬೇಕು. ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಇರುತ್ತವೆ, ಎರಡೂ ಒಟ್ಟಿಗೆ ನಡೆಯುತ್ತವೆ. ಅಂಥಲ್ಲಿ ಅಡಾಪ್ಟರೇ ಬೇಡ. ಕೇಬಲ್ ಸಾಕು, ಹೆಚ್ಚೆಂದರೆ ಕೆಲವು ನೂರು ರೂಪಾಯಿಯ ಎಚ್‌ಡಿಎಂಐ-ವಿಜಿಎ ಪರಿವರ್ತಕ. ಒಂದೇ ಕಿಂಡಿಯ ಹಳೆಯ ಯಂತ್ರಕ್ಕೆ, ಎಚ್‌ಡಿಎಂಐ ಕೆಟ್ಟುಹೋದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರ್ ಬೇಕಾಗುತ್ತದೆ. ಆಗ ಒಳಗೆ ನೀಲಿ ಬಣ್ಣವಿರುವ ಯುಎಸ್‌ಬಿ 3.0 ಕಿಂಡಿ ಇದೆಯೇ ನೋಡಬೇಕು; ಅದರ ವೇಗ ಸೆಕೆಂಡಿಗೆ 5 ಗಿಗಾಬಿಟ್. ಹೊಸ ಲ್ಯಾಪ್‌ಟಾಪ್‌ಗಳ ಚಪ್ಪಟೆ ಯುಎಸ್‌ಬಿ-ಸಿ ಕಿಂಡಿಯಲ್ಲೊಂದು ಗೊಂದಲವಿದೆ. ಕೆಲವು ಗ್ರಾಫಿಕ್ಸ್ ಚಿತ್ರವನ್ನೇ ನೇರ ಹೊರಗೆ ಕಳಿಸುತ್ತವೆ, ಕೆಲವು ಕಳಿಸುವುದಿಲ್ಲ. ನೋಟಕ್ಕೆ ಎರಡೂ ಒಂದೇ. ಆದ್ದರಿಂದ ಅಗ್ಗದ ಯುಎಸ್‌ಬಿ-ಸಿ ಡಾಂಗಲ್ ತಂದು ಪರದೆ ಬೆಳಗದೆ, ಅದನ್ನು ಡ್ರಾಯರಿಗೆ ಎಸೆಯುವ ಪ್ರಸಂಗ ಬರಬಹುದು. ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಆಪರೇಟರ್ ಬಳಿ ಇರುವುದಿಲ್ಲ. ಹಾಗಾಗಿ ಈ ಕೆಲಸವನ್ನು ಒಬ್ಬೊಬ್ಬ ಆಪರೇಟರ್ ತಲೆಗೆ ಕಟ್ಟದೆ ತಾಲ್ಲೂಕು ಮಟ್ಟದ ತಾಂತ್ರಿಕ ಸಿಬ್ಬಂದಿಯೇ ಮಾಡಿಕೊಡಬೇಕು.

ಓದು ಬಾರದವರಿಗೆ ಪರದೆ ತೋರಿಸಿ ಏನು ಫಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2011ರ ಜನಗಣತಿ ಪ್ರಕಾರ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು. ರಾಜ್ಯದ್ದು ಶೇ 75ಕ್ಕೂ ಹೆಚ್ಚು. ಆದರೆ ಅಕ್ಷರ ಬಾರದ ಎಷ್ಟೋ ರೈತರಿಗೆ ತಮ್ಮ ಸರ್ವೆ ನಂಬರ್, ಎಕರೆ-ಗುಂಟೆ ಬಾಯಿಪಾಠ. ಅಂಕಿ ಗುರುತಿಸುತ್ತಾರೆ, ಮೊಬೈಲ್ ನಂಬರ್ ಸರಿಯೋ ಇಲ್ಲವೋ ಹೇಳುತ್ತಾರೆ. ಜೊತೆಗೆ ಶಾಲೆಗೆ ಹೋಗುವ ಮಗಳನ್ನೋ ಮೊಮ್ಮಗನನ್ನೋ ಕರೆತರುವುದು ಈ ಭಾಗದಲ್ಲಿ ರೂಢಿ. ಆ ಮಗುವಿಗೆ ಓದಲು ಬರುತ್ತದೆ, ಓದಲು ಪರದೆ ಮಾತ್ರ ಸಿಗುತ್ತಿಲ್ಲ.

ಖಾಸಗಿತನದ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಬ್ಬರ ಆದಾಯ, ಜಾತಿ, ಖಾತೆ ಸಂಖ್ಯೆ ಸರದಿಯಲ್ಲಿ ನಿಂತ ಹತ್ತು ಮಂದಿಗೆ ಕಾಣಬಾರದು. ಇದಕ್ಕೆ ದೊಡ್ಡ ಪರದೆ ಗೋಡೆಗೆ ತೂಗುಹಾಕುವುದು ಖಂಡಿತ ಸಲ್ಲದು. ಚಿಕ್ಕ ಮಾನಿಟರ್ ಸಾಕು, ಅದು ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಮಾತ್ರ ತಾಗುವ ಕೋನದಲ್ಲಿರಬೇಕು, ಪಕ್ಕದಿಂದ ನೋಡಿದರೆ ಕಪ್ಪಾಗಿ ಕಾಣುವ ಹಾಳೆ ಅಂಟಿಸಿದರೆ ಇನ್ನೂ ಒಳ್ಳೆಯದು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರು ಕೂರುವ ನಡುವೆ ವಿಂಡೋಸ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಎರಡನೇ ಪರದೆಯನ್ನು ಬಂದ್ ಮಾಡಬಹುದು. ಕೂರಲು ಕುರ್ಚಿ ಇರಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. ನಿಂತವರ ಕಣ್ಣಿಗೆ ಹೊಂದಿಸಿದ ಪರದೆ ಹಿಂದಿನವರಿಗೂ ಕಾಣುತ್ತದೆ.

ಎರಡನೇ ಪರದೆ ಆಪರೇಟರ್‌ಗೂ ಬೇಕಾದ ಇನ್ನೊಂದು ಜಾಗವಿದೆ: ದಾಖಲೆ ಕೊಠಡಿ. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿತ್ತು. ಇಂದಿಗೂ ಜಮೀನಿನ ವ್ಯಾಜ್ಯಗಳಲ್ಲಿ 1954-55ರ ಖಾಸ್ರಾ ಪಹಣಿ ಮುಖ್ಯ ಸಾಕ್ಷಿ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ಈಗ ತಹಶೀಲ್ದಾರ್ ಕಚೇರಿಗಳಲ್ಲಿ ನಡೆದಿದೆ. ಕಂದಿದ ಹಾಳೆಯ ಚಿತ್ರ ಒಂದು ಪರದೆಯಲ್ಲಿ, ತುಂಬಬೇಕಾದ ಕೋಷ್ಟಕ ಪಕ್ಕದ ಪರದೆಯಲ್ಲಿ ಇದ್ದರೆ ಓದಿ ಬರೆಯುವ ಕಣ್ಣು ತಪ್ಪುವುದಿಲ್ಲ. ಒಂದೇ ಪರದೆಯಲ್ಲಿ ಕಿಟಕಿ ಬದಲಿಸುತ್ತ, ನೆನಪಿನಿಂದ ಸರ್ವೆ ನಂಬರ್ ಟೈಪಿಸುವವರಿಂದ 7ರ ಜಾಗದಲ್ಲಿ 1 ಬೀಳುವುದು ಸಹಜ, ಮತ್ತು ಆ 1 ಮುಂದೆ ಯಾರದೋ ಹೊಲವಾಗುತ್ತದೆ.

ದುಡ್ಡಿನ ಮಾತಿಗೆ ಬಂದರೆ, ಒಳ್ಳೆಯ ಯುಎಸ್‌ಬಿ ಅಡಾಪ್ಟರಿಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. 371ಜೆ ಕಲಂ ಅಡಿಯಲ್ಲಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಅದರಲ್ಲಿ ಇದು ಎದ್ದು ಕಾಣುವ ಮೊತ್ತವೇ ಅಲ್ಲ. ಮಾನಿಟರ್‌ಗಳನ್ನಂತೂ ಹೊಸದಾಗಿ ಕೊಳ್ಳುವ ಅಗತ್ಯವೂ ಕಡಿಮೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರ ಸುತ್ತ ದೇಶದ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಅವುಗಳ ನಿಯಂತ್ರಣ ಕೊಠಡಿಯಲ್ಲಿ ಗೂಡಿನ ಉರಿ, ಗಿರಣಿಯ ಭಾರ, ಗಾಳಿಯ ಒತ್ತಡ ನೋಡಿಕೊಳ್ಳುವ ಒಬ್ಬ ಆಪರೇಟರ್ ಎದುರು ಹಲವು ಪರದೆಗಳಿರುತ್ತವೆ. ಇಂಥ ಕಂಪನಿಗಳು ಕಚೇರಿಯ ಕಂಪ್ಯೂಟರ್ ಬದಲಿಸುವಾಗ ಹೊರಬೀಳುವ, ಇನ್ನೂ ಚೆನ್ನಾಗಿ ಬೆಳಗುವ ವಿಜಿಎ ಮಾನಿಟರ್‌ಗಳು ನಾಡಕಚೇರಿಯ ಕೌಂಟರಿಗೆ ಧಾರಾಳವಾಗಿ ಸಾಲುತ್ತವೆ. ಇಲ್ಲಿನ ನೆಲದ ಸುಣ್ಣದಕಲ್ಲನ್ನೇ ಅಗೆದು ಬೆಳೆದ ಕಂಪನಿಗಳಿಂದ ಇಷ್ಟನ್ನು ಕೇಳುವ ಹಕ್ಕು ಈ ತಾಲ್ಲೂಕುಗಳ ಜನರಿಗಿದೆ.

ಕೆಲಸ ಶುರುವಾಗಬೇಕಾದದ್ದು ಕುಂಚಾವರಂ ಮತ್ತು ಸುತ್ತಲ ತಾಂಡಾಗಳಿಗೆ ಸೇವೆ ಕೊಡುವ ಕೇಂದ್ರಗಳಿಂದ. ಜಿಲ್ಲಾಡಳಿತ ಒಂದು ಸುತ್ತೋಲೆಯಲ್ಲಿ ಎರಡು ಮಾತು ಬರೆದರೆ ಸಾಕು: ಅರ್ಜಿದಾರರ ಕಡೆ ಪರದೆ ಇರಬೇಕು, ಅವರು ನೋಡಿ ಹೂಂ ಅಂದ ಮೇಲೆಯೇ ಅರ್ಜಿ ಸಲ್ಲಿಸಿ ಸಕಾಲ ಸ್ವೀಕೃತಿ ಕೊಡಬೇಕು. ಪರದೆ ಇಡುವ ಹಿಂದಿನ ವರ್ಷ ಆ ಕೇಂದ್ರಗಳಿಂದ ಹೆಸರು ತಿದ್ದುಪಡಿಗೆಂದು ಎಷ್ಟು ಅರ್ಜಿ ಚಿಂಚೋಳಿಗೆ ಹೋದವು, ಇಟ್ಟ ವರ್ಷ ಎಷ್ಟು ಹೋದವು ಎಂಬ ಲೆಕ್ಕವನ್ನು ಪಂಚಾಯಿತಿಯ ಫಲಕದಲ್ಲಿ ಬರೆದು ಹಾಕಬೇಕು. ಆ ಲೆಕ್ಕ ಕೈಯಲ್ಲಿ ಹಿಡಿದೇ ಸೇಡಂ, ಚಿತ್ತಾಪುರ, ಶಹಾಬಾದ್ ತಾಲ್ಲೂಕುಗಳ ಕೇಂದ್ರಗಳಿಗೆ ಪರದೆ ಮಂಜೂರು ಮಾಡಿಸಬಹುದು.