ನಾಲ್ಕು ಚಕ್ರ ಇದ್ದರೆ ಮಗುಚುವುದಿಲ್ಲವೇ? ಚಳಿ ಬೆಟ್ಟದ ಕ್ವಾಡ್ ಬೈಕ್ ಸವಾರಿಯ ಬಗ್ಗೆ ಒಂದಿಷ್ಟು

ಮನಾಲಿಯ ಸೋಲಾಂಗ್ ಕಣಿವೆಯಲ್ಲೋ ಲಡಾಖ್‌ನ ಹುಂಡರ್ ಮರಳುದಿಬ್ಬದಲ್ಲೋ ದಪ್ಪ ಟೈರಿನ ನಾಲ್ಕು ಚಕ್ರದ ಬೈಕ್ ಮೇಲೆ ಕೂತ ನೆಂಟರ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮುಂದೆ ಮಗು, ಹಿಂದೆ ಹೆಂಡತಿ, ನಡುವೆ ಗಂಡ. ಜೊತೆಗೆ ಒಂದು ಸಾಲು: ನಾಲ್ಕು ಚಕ್ರ ಇದೆ, ಬೀಳೋ ಮಾತೇ ಇಲ್ಲ, ಯಾರು ಬೇಕಾದರೂ ಓಡಿಸಬಹುದು. ಅದರ ಬೆನ್ನಿಗೇ ಸಲಹೆಗಳ ಸಾಲು. ಚಳಿಗೆ ಒಂದು ಪೆಗ್ ಹಾಕಿ, ಉಸಿರಾಟಕ್ಕೆ ಕರ್ಪೂರ ಮೂಸಿ, ಬೆರಳು ಮರಗಟ್ಟಿದರೆ ಬೆಂಕಿಗೆ ಹಿಡಿಯಿರಿ.

ಇದರಲ್ಲಿ ಒಂದೂ ಸರಿಯಿಲ್ಲ. ಹಾಗಂತ ಈ ಸವಾರಿಗೇ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಗೈಡ್ ಜೊತೆಗಿದ್ದರೆ ಅದು ಖುಷಿ ಕೊಡುವ ಅನುಭವವೇ. ಆದರೆ ಈ ಗಾಡಿ ಹೇಗೆ ಬೀಳುತ್ತದೆ ಎಂಬುದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಜನರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಯಾಕೆಂದರೆ ಇಲ್ಲಿ ಟ್ರ್ಯಾಕ್ಟರ್ ಗೊತ್ತಿಲ್ಲದ ಊರಿಲ್ಲ.

ಕಬ್ಬಿನ ಟ್ರ್ಯಾಕ್ಟರ್ ಯಾಕೆ ಮಗುಚುತ್ತದೆ?

ಪಾಂಡವಪುರದ ಪಿಎಸ್‌ಎಸ್‌ಕೆ ಕಾರ್ಖಾನೆಗೋ ಕೆ.ಆರ್.ಪೇಟೆಯ ಮಾಕವಳ್ಳಿ ಕಾರ್ಖಾನೆಗೋ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳನ್ನು ನೋಡಿ. ಟ್ರೇಲರಿಗೆ ಚಕ್ರಗಳು ಬೇಕಾದಷ್ಟಿವೆ. ಆದರೂ ರಸ್ತೆಯ ಒಂದು ಅಂಚು ತಗ್ಗಿದರೆ ಸಾಕು, ಎತ್ತರಕ್ಕೆ ಪೇರಿಸಿದ ಹೊರೆ ಪಕ್ಕಕ್ಕೆ ಎಳೆದು ಇಡೀ ಗಾಡಿ ಮಗುಚುತ್ತದೆ. ಬೀಳುವುದೋ ನಿಲ್ಲುವುದೋ ಎಂಬುದನ್ನು ತೀರ್ಮಾನಿಸುವುದು ಚಕ್ರಗಳ ಲೆಕ್ಕವಲ್ಲ. ಭಾರ ಎಷ್ಟು ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವೆ ಎಷ್ಟು ಅಗಲವಿದೆ ಎಂಬ ಎರಡೇ ಅಳತೆ. ಭಾರದ ನಡುಬಿಂದುವಿನಿಂದ ನೇರ ಕೆಳಕ್ಕೆ ಎಳೆದ ಗೆರೆ ಚಕ್ರಗಳಿಂದ ಆಚೆ ಹೋಯಿತೆಂದರೆ ಗಾಡಿ ಬಿತ್ತೆಂದೇ ಲೆಕ್ಕ.

ಕ್ವಾಡ್ ಬೈಕ್, ಅಂದರೆ ಎಟಿವಿ, ಈ ಎರಡೂ ಅಳತೆಯಲ್ಲಿ ಕಾರಿಗಿಂತ ಹಿಂದೆ. ಕಲ್ಲು ತಗುಲಬಾರದೆಂದು ಅದನ್ನು ನೆಲದಿಂದ ಎತ್ತರಕ್ಕೆ ಕಟ್ಟಿರುತ್ತಾರೆ. ಕಿರಿದಾದ ದಾರಿಯಲ್ಲಿ ನುಸುಳಬೇಕೆಂದು ಅಗಲ ಕಡಿಮೆ ಇಟ್ಟಿರುತ್ತಾರೆ. ಅದರ ಮೇಲೆ, ಕುದುರೆ ಏರಿದಂತೆ, 70 ಕಿಲೋ ತೂಗುವ ನಾವು ಕೂರುತ್ತೇವೆ. ಆಸ್ಟ್ರೇಲಿಯಾ ಸರ್ಕಾರ ಹೊಸ ಕ್ವಾಡ್ ಬೈಕುಗಳಿಗೆ ಹಾಕಿರುವ ಕನಿಷ್ಠ ಮಟ್ಟವೆಂದರೆ, ಪರೀಕ್ಷೆಯ ಮೇಜನ್ನು ಪಕ್ಕಕ್ಕೆ ಓರೆ ಮಾಡುತ್ತಾ ಹೋದಾಗ ಸುಮಾರು 29 ಡಿಗ್ರಿಯವರೆಗಾದರೂ ಅದು ನಿಲ್ಲಬೇಕು. ಇದು ಗಾಡಿ ಅಲುಗಾಡದೆ ನಿಂತಿರುವಾಗಿನ ಮಾತು. ವೇಗದಲ್ಲಿ ತಿರುವು ತೆಗೆದುಕೊಂಡಾಗ, ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಅಷ್ಟು ಓರೆಯೇ ಬೇಕಾಗಿಲ್ಲ.

ಮೊದಲು ಬಂದ ಎಟಿವಿಗಳಿಗೆ ಮೂರೇ ಚಕ್ರ ಇದ್ದವು. 1970ರ ದಶಕದಲ್ಲಿ ಅಮೆರಿಕದಲ್ಲಿ ಅವು ಜನಪ್ರಿಯವಾದವು, ಜೊತೆಗೆ ಜನರನ್ನು ಕೆಡವಿದವು. 1988ರಲ್ಲಿ ಅಲ್ಲಿ ಅವುಗಳ ಮಾರಾಟವೇ ನಿಂತಿತು. ನಾಲ್ಕು ಚಕ್ರದವು ಅಷ್ಟರೊಳಗೆ ಬಂದಿದ್ದವು. ನಾಲ್ಕು ಚಕ್ರ ಅಂದರೆ ಸೇಫ್ ಎಂಬ ನಂಬಿಕೆಯ ಒಂದು ಬೇರು ಅಲ್ಲಿದೆ. ಮೂರಕ್ಕಿಂತ ನಾಲ್ಕು ವಾಸಿ ಎಂಬುದು ನಿಜ, ಬೀಳುವುದೇ ಇಲ್ಲ ಎಂಬುದು ಸುಳ್ಳು. ಅಮೆರಿಕದಲ್ಲಿ ಇಂದಿಗೂ ಇಂಥ ಗಾಡಿಗಳಿಂದ ವರ್ಷಕ್ಕೆ ನೂರಾರು ಜನ ಸಾಯುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇದು ಹೊಲ, ಕುರಿ ಫಾರಂಗಳ ಗಾಡಿ, ಹಾಗಾಗಿ ಅಲ್ಲಿ ಸಾಯುವವರಲ್ಲಿ ರೈತರೇ ಹೆಚ್ಚು. 2021ರ ಅಕ್ಟೋಬರಿನಿಂದ ಆಸ್ಟ್ರೇಲಿಯಾದಲ್ಲಿ ಮಾರುವ ಪ್ರತಿ ಹೊಸ ಸಾಮಾನ್ಯ ಬಳಕೆಯ ಕ್ವಾಡ್ ಬೈಕಿಗೂ ಮಗುಚಿದಾಗ ಸವಾರನನ್ನು ಕಾಯುವ ಸಾಧನ ಕಡ್ಡಾಯ. ಪೋಲಾರಿಸ್ ಕಂಪನಿ ನಮ್ಮ ದೇಶದಲ್ಲಿ ಒಂದು ಎಟಿವಿಯನ್ನು ಟ್ರ್ಯಾಕ್ಟರ್ ಎಂದೇ ನೋಂದಣಿ ಮಾಡಿಸಬಹುದಾದ ರೂಪದಲ್ಲಿ ಮಾರಾಟಕ್ಕೆ ತಂದಿತು. ನಾವು ಟ್ರ್ಯಾಕ್ಟರಿನಿಂದ ಮಾತು ಶುರು ಮಾಡಿದ್ದು ಸುಮ್ಮನೆ ಅಲ್ಲ.

ಮರಳಿಗಿಂತ ಟಾರು ರಸ್ತೆಯೇ ಅಪಾಯ

ಇದು ಬಹಳ ಜನರಿಗೆ ಉಲ್ಟಾ ಅನ್ನಿಸುತ್ತದೆ. ಒರಟು ನೆಲದಲ್ಲಿ ಓಡಿಸಿದ ಮೇಲೆ ನುಣುಪಾದ ರಸ್ತೆ ಸಲೀಸು ಅಲ್ಲವೇ?

ಟ್ರ್ಯಾಕ್ಟರ್ ಓಡಿಸುವವರಿಗೆ ಡಿಫರೆನ್ಶಿಯಲ್ ಲಾಕ್ ಗೊತ್ತು. ಕೆಸರಿನಲ್ಲಿ ಹೂತಾಗ ಅದನ್ನು ಒತ್ತಿದರೆ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ಮೇಲೆ ಬಂದ ಮೇಲೂ ಅದನ್ನು ಬಿಡದೆ ತಿರುಗಿಸಿದರೆ ಗಾಡಿ ತಿರುಗಲು ಒಪ್ಪುವುದಿಲ್ಲ, ನೇರ ನುಗ್ಗುತ್ತದೆ. ಬಹುತೇಕ ಕ್ವಾಡ್ ಬೈಕುಗಳ ಹಿಂದಿನ ಚಕ್ರಗಳು ಹುಟ್ಟಾ ಹೀಗೇ, ಒಂದೇ ಅಚ್ಚಿಗೆ ಬಿಗಿದಂತೆ ಇರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಮರಳು, ಹಿಮ, ಸಡಿಲ ಮಣ್ಣಿನಲ್ಲಿ ಒಂದು ಚಕ್ರ ಸ್ವಲ್ಪ ಜಾರಿ ಈ ಲೆಕ್ಕ ಸರಿಹೋಗುತ್ತದೆ. ಟಾರಿನ ಮೇಲೆ ಜಾರುವುದಿಲ್ಲ. ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮೇಲಿನ ಭಾರ ಹೊರಕ್ಕೆ ವಾಲುತ್ತದೆ, ಒಳಗಿನ ಚಕ್ರ ಏಳುತ್ತದೆ. ಕುಂತಿಬೆಟ್ಟದಲ್ಲಿ ಕಾಣುವಂಥ ಒಣಗಿದ ಹಾಸುಬಂಡೆಯೂ ಟಾರಿನಂತೆಯೇ ಹಿಡಿಯುತ್ತದೆ.

ಟೈರಿನ ಗಾಳಿಯೂ ಬೇರೆ. ಕಾರಿಗೆ 30 ಪಿಎಸ್‌ಐ ಮೇಲೆ ಹಾಕಿಸುತ್ತೇವೆ. ಇದಕ್ಕೆ ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ ಸಾಕು. ಮೆತ್ತಗಿನ ಬಲೂನಿನಂತಿರುವ ಟೈರು ಮರಳಿನ ಮೇಲೆ ಹರಡಿಕೊಂಡು ಹೂಳದೆ ಸಾಗುತ್ತದೆ, ಗಟ್ಟಿ ನೆಲದಲ್ಲಿ ಪುಟಿಯುತ್ತದೆ. ಮೆತ್ತಗಿದೆ ಎಂದು ಪಂಕ್ಚರ್ ಅಂಗಡಿಯಲ್ಲಿ ಬಿಗಿಯಾಗಿ ಗಾಳಿ ತುಂಬಿಸಿದರೆ ಗಾಡಿ ಇನ್ನೂ ಹೆಚ್ಚು ಪುಟಿಯುತ್ತದೆ, ಅಷ್ಟೇ.

ಬೈಕ್ ಓಡಿಸುವವರ ಕಾಲು

ನಮ್ಮ ಕಡೆಯ ಹುಡುಗರು ಬೈಕಿನಲ್ಲಿ ಪಳಗಿದವರು. ಬೈಕ್ ಓರೆಯಾದರೆ ಮೆದುಳು ಕೇಳದೆಯೇ ಕಾಲು ನೆಲಕ್ಕೆ ಹೋಗುತ್ತದೆ. ಕ್ವಾಡ್ ಬೈಕಿನಲ್ಲಿ ಆ ಕಾಲಿನ ಹಿಂದೆಯೇ ಹಿಂದಿನ ಚಕ್ರ ಬರುತ್ತಿರುತ್ತದೆ. ಪಾದ ಕೆಳಗಿಟ್ಟರೆ ಅದು ಹಿಮ್ಮಡಿಯ ಮೇಲೆ ಹತ್ತಿ ಸವಾರನನ್ನು ಕೆಳಗೆಳೆಯುತ್ತದೆ. ಪಾದ ಹಲಗೆಯ ಮೇಲಿರಬೇಕು, ಏನೇ ಆಗಲಿ.

ಇನ್ನೊಂದು ವ್ಯತ್ಯಾಸ ಆಕ್ಸಿಲರೇಟರಿನದು. ಬಹುತೇಕ ಎಟಿವಿಗಳಲ್ಲಿ ಅದು ಬಲಗೈ ಹೆಬ್ಬೆರಳಲ್ಲಿ ಒತ್ತುವ ಸಣ್ಣ ಪಟ್ಟಿ. ಗಾಬರಿಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಹೆಬ್ಬೆರಳೂ ಒತ್ತಿಕೊಳ್ಳುತ್ತದೆ, ಗಾಡಿ ನಿಲ್ಲುವ ಬದಲು ಹಾರುತ್ತದೆ. ಚಳಿಗೆ ಬೆರಳು ಮರಗಟ್ಟಿದ್ದರೆ ಎಷ್ಟು ಒತ್ತುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಗ್ಲೌಸ್ ಶೋಕಿಯಲ್ಲ, ಬ್ರೇಕಿನಷ್ಟೇ ಮುಖ್ಯ.

ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ, ಪಕ್ಕದ ಓರೆಯಲ್ಲಿ ಮೇಲಿನ ಕಡೆಗೆ. ಈ ಗಾಡಿಯಲ್ಲಿ ಸವಾರನ ಮೈಯೇ ಸಮತೋಲನದ ದೊಡ್ಡ ಭಾಗ. ಒಬ್ಬರಿಗೆಂದು ಮಾಡಿದ ಗಾಡಿಗೆ ಇನ್ನೊಬ್ಬರನ್ನು ಹತ್ತಿಸುವುದು ತಪ್ಪಾಗುವುದು ಇದೇ ಕಾರಣಕ್ಕೆ. ಹಿಂದೆ ಕೂತವರ ಭಾರದಿಂದ ಏರಿನಲ್ಲಿ ಮುಂದಿನ ಚಕ್ರ ಎದ್ದು ಗಾಡಿ ಹಿಮ್ಮುಖವಾಗಿ ಮಗುಚಬಹುದು. ಸವಾರ ಮುಂದೆ ಹಿಂದೆ ಸರಿಯಲು ಜಾಗವೂ ಉಳಿದಿರುವುದಿಲ್ಲ.

ಮಗುವನ್ನು ಮುಂದೆ ಕೂರಿಸಿಕೊಳ್ಳಬಹುದೇ?

ಬೇಡ. ಇಲ್ಲಿ ನಾವು ಮೆತ್ತಗೆ ಹೇಳುವುದಿಲ್ಲ.

ಊರಲ್ಲಿ ಮಗುವನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋಗುವ ಅಭ್ಯಾಸವೇ ಇಲ್ಲಿಗೂ ಬಂದಿದೆ. ದೊಡ್ಡವರ ಎಟಿವಿ ಸಾಮಾನ್ಯವಾಗಿ 200ರಿಂದ 350 ಕಿಲೋ ತೂಗುತ್ತದೆ. ಅದು ಮುಂದಕ್ಕೋ ಪಕ್ಕಕ್ಕೋ ಮಗುಚಿದಾಗ ಹ್ಯಾಂಡಲಿಗೂ ದೊಡ್ಡವರ ಎದೆಗೂ ನಡುವೆ ಸಿಕ್ಕಿಕೊಳ್ಳುವುದು ಮಗು. ಕೆಳಗೆ ಸಿಕ್ಕಿದವರು ತಲೆಗೆ ಪೆಟ್ಟಾಗದೆಯೂ ಸಾಯಬಹುದು, ಏಕೆಂದರೆ ಎದೆಯ ಮೇಲೆ ಭಾರ ಕೂತು ಉಸಿರೆಳೆಯಲು ಆಗುವುದಿಲ್ಲ. ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಎದೆಯನ್ನಲ್ಲ. 16 ವರ್ಷದೊಳಗಿನವರು ಇದನ್ನು ಓಡಿಸುವುದೂ ಬೇಡ, ಹಿಂದೆ ಕೂರುವುದೂ ಬೇಡ ಎನ್ನುವುದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಸ್ಥೆಯ ನಿಲುವು. ಫೋಟೊ ಬೇಕಿದ್ದರೆ ಇಂಜಿನ್ ಆಫ್ ಮಾಡಿ, ಕೀ ತೆಗೆದು, ಸಮತಟ್ಟು ಜಾಗದಲ್ಲಿ ಕೂರಿಸಿ ತೆಗೆದುಕೊಳ್ಳಿ. ಅಜ್ಜಿ ತಾತ ಖುಷಿಪಡಲು ಅಷ್ಟು ಸಾಕು.

ಪೆಗ್, ಕರ್ಪೂರ, ಬೆಂಕಿ

ನಮಗೆ ಚಳಿ ಅಂದರೆ ಧನುರ್ಮಾಸದ ಬೆಳಗಿನ ಜಾವ. ಒಂದು ಮಂಕಿ ಕ್ಯಾಪ್, ಒಂದು ಶಾಲು ಸಾಕಾಗುತ್ತದೆ. ಬೆಟ್ಟದ ಚಳಿಯಲ್ಲಿ ಲೆಕ್ಕ ಬೇರೆ, ಅದರಲ್ಲೂ ಓಡುವ ಗಾಡಿಯ ಮೇಲೆ. ಹೊರಗೆ 5 ಡಿಗ್ರಿ ಸೆಲ್ಸಿಯಸ್ ಇದ್ದು ಮೈಗೆ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಹೊಡೆಯುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಸುಮಾರು 0 ಡಿಗ್ರಿಯಂತೆ ತಟ್ಟುತ್ತದೆ. ಗಾಳಿ ತಡೆಯುವ ಜಾಕೆಟ್ ಹೊರಗಿರಲಿ, ಉಣ್ಣೆ ಒಳಗಿರಲಿ. ಉದ್ದ ಮಫ್ಲರ್, ದುಪಟ್ಟ, ಸೆರಗು ಜೋತಾಡದಂತೆ ಒಳಗೆ ಸಿಕ್ಕಿಸಿ, ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ.

ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎಂದು ಅನ್ನಿಸುವುದು ನಿಜ. ಮದ್ಯ ಚರ್ಮದ ಹತ್ತಿರದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿ ರಕ್ತ ಮೇಲಕ್ಕೆ ಬರುತ್ತದೆ. ಮುಖ ಬೆಚ್ಚಗಾಗುತ್ತದೆ, ಅದೇ ಬಿಸಿ ಗಾಳಿಗೆ ಹೋಗಿ ಒಳಗಿನ ಮೈ ತಣ್ಣಗಾಗುತ್ತದೆ. ಜೊತೆಗೆ ಕುಡಿದು ಗಾಡಿ ಓಡಿಸಿದಂತೆಯೂ ಆಯಿತು.

ಕರ್ಪೂರದ ಕಥೆ ನಿಮಗೆ ನೆನಪಿರಬೇಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕರ್ಪೂರ, ಲವಂಗ, ಓಂಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಮ್ಲಜನಕ ಏರುತ್ತದೆ ಎಂಬ ಫಾರ್ವರ್ಡ್ ಮನೆಮನೆಗೆ ತಲುಪಿತ್ತು. ಅದೇ ಈಗ ಲಡಾಖ್ ಟೂರಿನ ಟಿಪ್ಸ್ ಆಗಿ ವೇಷ ಬದಲಿಸಿದೆ. ಕರ್ಪೂರದ ಘಾಟು ಮೂಗಿನ ನರಗಳನ್ನು ತಾಕಿ ಉಸಿರು ಸಲೀಸಾದಂತೆ ಅನ್ನಿಸುತ್ತದೆ, ರಕ್ತದಲ್ಲಿನ ಆಮ್ಲಜನಕ ಏರುವುದಿಲ್ಲ. ಮಕ್ಕಳು ಅದನ್ನು ನುಂಗಿದರೆ ಫಿಟ್ಸ್ ಬರಬಹುದು.

ಎತ್ತರದಲ್ಲಿ ಆಗುವುದು ಇಷ್ಟು. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ. 21, ಶ್ರೀರಂಗಪಟ್ಟಣದಲ್ಲೂ ಶೇ. 21. ಆದರೆ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ಅಲ್ಲಿಂದ ಹುಂಡರ್‌ಗೆ ಹೋಗುವ ದಾರಿಯ ಖರ್ದುಂಗ್ ಲಾ ಕಣಿವೆ 5,300 ಮೀಟರ್ ದಾಟುತ್ತದೆ, ಅಲ್ಲಿ ಅರ್ಧದಷ್ಟೇ. ಬೆಂಗಳೂರಿನಲ್ಲಿ ವಿಮಾನ ಹತ್ತಿ ಅದೇ ದಿನ ಲೇಹ್‌ನಲ್ಲಿ ಇಳಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಇಳಿದ ಮೇಲೆ ಎರಡು ದಿನ ವಿಶ್ರಾಂತಿ ಎಂಬುದು ಹೋಟೆಲಿನವರ ಬಿಸಿನೆಸ್ ಅಲ್ಲ. ತಲೆನೋವು, ವಾಕರಿಕೆ ಇದ್ದರೆ ಆ ದಿನ ಸವಾರಿ ಬೇಡ. ನಡೆಯುವಾಗ ತೂರಾಡುವುದು, ಮಾತು ತಡವರಿಸುವುದು, ಕೂತಲ್ಲೇ ಏದುಸಿರು ಬರುವುದು ಕಂಡರೆ ತಡಮಾಡದೆ ಕೆಳಗಿಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಡೈಯಾಮಾಕ್ಸ್ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆ ಮುಂಜಾಗ್ರತೆಗೆ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಹೇಳಬೇಕಾದವರು ನಿಮ್ಮ ವೈದ್ಯರು, ಗ್ರೂಪ್ ಅಡ್ಮಿನ್ ಅಲ್ಲ.

ಇನ್ನು ಮರಗಟ್ಟಿದ ಬೆರಳು. ಬೆಂಕಿಗೆ ಹಿಡಿದರೆ ಸ್ಪರ್ಶವಿಲ್ಲದ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ಹಿಮದಿಂದ ಉಜ್ಜುವುದು ಇನ್ನೂ ಕೆಟ್ಟದ್ದು. ಉಂಗುರ ತೆಗೆದು, ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ. ಬಣ್ಣ ಬಿಳಿಚಿ ಗಟ್ಟಿಯಾಗಿದ್ದರೆ ವೈದ್ಯರ ಬಳಿ ಹೋಗಿ.

ಗೈಡ್ ಇರುವುದು ಯಾಕೆ?

ದಾರಿ ತೋರಿಸಲು ಮಾತ್ರವಲ್ಲ. ನೀವು ಗಾಡಿಯ ಕೆಳಗೆ ಸಿಕ್ಕಿಕೊಂಡರೆ ಅದನ್ನು ಎತ್ತಲು ಹತ್ತಿರದಲ್ಲಿ ಜನ ಬೇಕು, ಅದೇ ದೊಡ್ಡ ಕಾರಣ. ಸೋಲಾಂಗ್ ಇರಲಿ, ನಮ್ಮ ಮಡಿಕೇರಿ, ಚಿಕ್ಕಮಗಳೂರಿನ ರೆಸಾರ್ಟ್ ಇರಲಿ, ದುಡ್ಡು ಕೊಡುವ ಮುನ್ನ ಕೆಲವು ಸಂಗತಿ ನೋಡಿ. ಸಮತಟ್ಟು ನೆಲದಲ್ಲಿ ಹತ್ತು ನಿಮಿಷವಾದರೂ ಅಭ್ಯಾಸ ಮಾಡಿಸುತ್ತಾರೆಯೇ? ಹೆಲ್ಮೆಟ್ ನಿಮ್ಮ ತಲೆಗೆ ಸರಿಹೊಂದುತ್ತದೆಯೇ, ಪಟ್ಟಿ ಬಿಗಿಯುತ್ತದೆಯೇ? ಸವಾರ ಬಿದ್ದರೆ ಇಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ಹಗ್ಗದ ಸ್ವಿಚ್ ಇದೆಯೇ? ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ಮಿತಿಯಲ್ಲಿರುವಂತೆ ಸ್ಕ್ರೂ ಬಿಗಿದಿದ್ದಾರೆಯೇ? ಮೂರು ಜನ ಹತ್ತಿ ಸಾರ್, ಏನೂ ಆಗಲ್ಲ ಎಂದು ಅವರೇ ಹೇಳಿದರೆ ಮುಂದಿನ ಪ್ರಶ್ನೆ ಕೇಳುವ ಅಗತ್ಯವಿಲ್ಲ, ಅಲ್ಲಿಂದ ಹೊರಡಿ. ಸಹಿ ಹಾಕಿಸುವ ಫಾರಂ ಓದಿ. ಹಲವು ಅಪಘಾತ ವಿಮೆ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇರುವುದಿಲ್ಲ, ಊರಿಂದ ಹೊರಡುವ ಮುನ್ನವೇ ಏಜೆಂಟನ್ನು ಕೇಳಿಕೊಳ್ಳಿ.

ಏರಿನಲ್ಲಿ ಅರ್ಧಕ್ಕೆ ಗಾಡಿ ನಿಂತುಹೋದರೆ ಅಲ್ಲೇ ತಿರುಗಿಸಲು ಹೋಗಬೇಡಿ. ಬ್ರೇಕ್ ಹಿಡಿದು, ಇಂಜಿನ್ ಆಫ್ ಮಾಡಿ, ಮೇಲಿನ ಬದಿಗೆ ಇಳಿಯಿರಿ. ಗೈಡ್ ಬರುವವರೆಗೆ ಗಾಡಿಯ ಕೆಳಗಿನ ಬದಿಯಲ್ಲಿ ಯಾರೂ ನಿಲ್ಲಬಾರದು, ವಿಡಿಯೊ ತೆಗೆಯುವವರೂ ಸೇರಿ.